ಚಿಮುಟ ಎತ್ತಿಟ್ಟ ತಿಂಗಳು

ನನ್ನ ಚಿಮುಟಕ್ಕೆ ಹದಿನಾರು ವರ್ಷ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಬಳೆ, ಟೇಪು ಮಾರುವ ಅಂಗಡಿಯಲ್ಲಿ ಕೊಂಡದ್ದು. ಹಿಡಿಯುವ ಜಾಗದ ಗೀರುಗಳೆಲ್ಲ ಬೆರಳಿನ ಸವೆತಕ್ಕೆ ನುಣುಪಾಗಿವೆ. ಬಲಗಡೆಯ ತುದಿ ಎಡಗಡೆಯದಕ್ಕಿಂತ ತುಸು ಗಿಡ್ಡವಾಗಿದೆ. ಬೆಳಿಗ್ಗೆ ಆರೂವರೆಗೆ ಬಚ್ಚಲುಮನೆಯ ಕಿಟಕಿಯಿಂದ ಬರುವ ಬೆಳಕಿಗೆ ಗದ್ದ ಎತ್ತಿ ಹಿಡಿಯುವುದು, ಬೆರಳಿನಿಂದ ತಡವಿ ಕೂದಲಿನ ಮೊನೆ ಹುಡುಕುವುದು, ಚಿಮುಟ ಕಚ್ಚಿಸಿ ಎಳೆಯುವುದು. ಕಾಲೇಜಿನ ದಿನಗಳಿಂದ ಇದನ್ನು ತಪ್ಪಿಸಿದ ದಿನವಿರಲಿಲ್ಲ. ಜ್ವರ ಬಂದು ಮಲಗಿದಾಗಲೂ ಯಾರಾದರೂ ನೋಡಲು ಬರುತ್ತಾರೆ ಎಂದರೆ ಮೊದಲು ಕೈ ಹೋಗುತ್ತಿದ್ದದ್ದು ಗದ್ದಕ್ಕೆ.

ಗದ್ದ, ಗಡ್ಡ. ಮಕ್ಕಳಿಗೆ ಕನ್ನಡ ಕಲಿಸುವ ನನಗೆ ಒಂದು ತವರ್ಗದ್ದು, ಒಂದು ಟವರ್ಗದ್ದು ಎಂದು ಹೇಳಿಕೊಡುವಾಗಲೆಲ್ಲ ಗಂಟಲು ಸ್ವಲ್ಪ ಬಿಗಿಯುತ್ತಿತ್ತು. ಗಂಡಸಿನ ಮುಖದಲ್ಲಿ ಬೆಳೆದರೆ ಹೆಸರೇ ಬದಲಾಗಿ ಗೌರವ ಪಡೆಯುವ ಅದೇ ಕೂದಲು, ಹೆಣ್ಣಿನ ಮುಖದಲ್ಲಿ ಹತ್ತು ಎಳೆ ಕಂಡರೂ ಅವಳು ತಲೆ ತಗ್ಗಿಸಬೇಕು.

ಕೊನೆಗೂ ಲೇಸರ್ ಮಾಡಿಸೋಣ ಎಂದು ಮೈಸೂರಿನ ಒಬ್ಬ ಚರ್ಮದ ಡಾಕ್ಟರ ಮುಂದೆ ಹೋಗಿ ಕೂತೆ. ಅವತ್ತೇ ಶುರುವಾಗುತ್ತದೆ ಎಂದುಕೊಂಡು, ಅಂದು ಬೆಳಿಗ್ಗೆ ಒಂದೂ ಬಿಡದಂತೆ ಕಿತ್ತು ಹೋಗಿದ್ದೆ. ಅವರು ದೀಪ ಹಿಡಿದು ಗದ್ದ ನೋಡಿದರು. "ಎಲ್ಲಮ್ಮಾ ಕೂದಲು? ಕಿತ್ತು ಬಂದಿದ್ದೀರಾ?" ಅಂದರು. ಹೌದು ಅಂದೆ. "ಹಾಗಾದರೆ ಇವತ್ತು ನನಗೆ ಕೆಲಸವೇ ಇಲ್ಲ. ಒಂದು ತಿಂಗಳು ಕೀಳಬೇಡಿ, ವ್ಯಾಕ್ಸಿಂಗ್ ಬೇಡ, ದಾರ ಹಾಕಿಸಬೇಡಿ. ಬೆಳೆದರೆ ಬೆಳೆಯಲಿ. ತೀರಾ ಆಗದಿದ್ದರೆ ರೇಜರ್ ಹಾಕಿ, ಆದರೆ ಬೇರು ಮಾತ್ರ ಚರ್ಮದೊಳಗೆ ಇರಬೇಕು."

ಚರ್ಮ ಸಿದ್ಧ ಮಾಡಿಕೊಳ್ಳುವುದು ಎಂದರೆ ಏನೋ ಹಚ್ಚುವುದು, ಉಜ್ಜುವುದು, ತಿಕ್ಕುವುದು ಎಂದು ತಿಳಿದಿದ್ದ ನನಗೆ, ಚರ್ಮವನ್ನು ಅದರ ಪಾಡಿಗೆ ಬಿಡುವುದೇ ಸಿದ್ಧತೆಯ ಮುಕ್ಕಾಲು ಪಾಲು ಎಂಬುದು ಹೊಸದು.

ಬೇರು ಯಾಕೆ ಬೇಕು ಎಂಬುದನ್ನು ನಾನು ಅರ್ಥಮಾಡಿಕೊಂಡದ್ದು ದೇವಸ್ಥಾನದ ಅಂಗಳದಿಂದ. ಬೇಸಿಗೆಯ ಮಧ್ಯಾಹ್ನ ದೊಡ್ಡ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದವರಿಗೆ ಗೊತ್ತು: ಕರಿಕಲ್ಲಿನ ಹಾಸಿನ ಮೇಲೆ ಕಾಲಿಡಲಾಗುವುದಿಲ್ಲ. ಅದೇ ಕಲ್ಲಿನ ಮೇಲೆ ಬಿಳಿ ಬಣ್ಣದ ಪಟ್ಟಿ ಬಳಿದಿದ್ದರೆ ಅದರ ಮೇಲೆ ಮಕ್ಕಳೂ ನಡೆಯುತ್ತಾರೆ. ಬಿಸಿಲು ಒಂದೇ, ಕಲ್ಲೂ ಒಂದೇ, ಕಪ್ಪು ಮಾತ್ರ ಬೆಳಕನ್ನು ಕುಡಿದು ಕಾಯುತ್ತದೆ. ಲೇಸರ್ ಮಾಡುವುದೂ ಇಷ್ಟೇ. ಕೂದಲಿನಲ್ಲಿರುವ ಮೆಲನಿನ್ ಎಂಬ ಕಪ್ಪು ಬೆಳಕನ್ನು ಹೀರಿ ಕಾಯುತ್ತದೆ, ಆ ಕಾವು ಕೂದಲಿನ ಬುಡಕ್ಕೆ ಇಳಿದು ಅಲ್ಲಿ ಹೊಸ ಕೂದಲು ಹುಟ್ಟಿಸುವ ಜೀವಕೋಶಗಳನ್ನು ಕೆಡಿಸುತ್ತದೆ. ಕೂದಲನ್ನೇ ಬುಡಸಮೇತ ಕಿತ್ತು ಹೋದರೆ ಬೆಳಕಿಗೆ ಹಿಡಿದುಕೊಳ್ಳಲು ಕಪ್ಪೇ ಇಲ್ಲ. ಬ್ಲೀಚ್ ಮಾಡಿ ಹೋದರೂ ಅದೇ ಕಥೆ. ನರೆತ ಕೂದಲಿಗೆ ಲೇಸರ್ ನಾಟದಿರುವುದೂ ಇದೇ ಕಾರಣಕ್ಕೆ.

ಥಿಯೋಡೋರ್ ಮೈಮನ್ ಎಂಬ ವಿಜ್ಞಾನಿ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಹೊಮ್ಮಿಸಿದ್ದು 1960ರಲ್ಲಿ. ಸುತ್ತಲಿನ ಚರ್ಮವನ್ನು ಉಳಿಸಿ, ಬಣ್ಣವಿರುವ ಗುರಿಯನ್ನಷ್ಟೇ ಆರಿಸಿ ಕಾಯಿಸಬಹುದು ಎಂದು ಆ್ಯಂಡರ್ಸನ್ ಮತ್ತು ಪ್ಯಾರಿಷ್ ಎಂಬ ಇಬ್ಬರು ಅಮೆರಿಕದ ವೈದ್ಯರು ಬರೆದದ್ದು 1983ರಲ್ಲಿ. ಕೂದಲು ತೆಗೆಯುವ ಯಂತ್ರಗಳು ಅಲ್ಲಿ ಬಳಕೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆ ಮೊದಮೊದಲ ಮಾಣಿಕ್ಯದ ಯಂತ್ರಗಳು ಬಿಳಿ ಚರ್ಮ, ಕಪ್ಪು ಕೂದಲು ಇರುವವರಿಗೆ ಹೇಳಿಮಾಡಿಸಿದಂತಿದ್ದವು. ನಮ್ಮಂಥವರ ತೊಂದರೆ ಬೇರೆ. ನಮ್ಮ ಚರ್ಮದಲ್ಲೂ ಮೆಲನಿನ್ ಇದೆ. ಬೆಳಕು ಕೂದಲನ್ನು ಹುಡುಕಿಕೊಂಡು ಹೋಗುವ ದಾರಿಯಲ್ಲಿ ಚರ್ಮವೇ ಅದನ್ನು ಹೀರಿಬಿಡಬಹುದು. ಹಾಗಾದಾಗ ಸುಡುವುದು ಕೂದಲಲ್ಲ, ನಾವು.

ಚರ್ಮವನ್ನು ಬಿಸಿಲಿಗೆ ಅದು ತೋರುವ ವರ್ತನೆಯ ಮೇಲೆ ವಿಂಗಡಿಸುವ ಒಂದು ಪಟ್ಟಿ ಇದೆ. ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯರು 1975ರಲ್ಲಿ ಮಾಡಿದ್ದು. ಮೊದಲು ಅದರಲ್ಲಿ ಇದ್ದದ್ದು ಬಿಳಿಯರ ಚರ್ಮ ಮಾತ್ರ, ಕಂದು ಮತ್ತು ಕಪ್ಪು ಆಮೇಲೆ ಸೇರಿಕೊಂಡವು. ಈಗ ಒಟ್ಟು ಆರು ಬಗೆ. ಭಾರತದವರು ಹೆಚ್ಚಾಗಿ ನಾಲ್ಕು, ಐದರಲ್ಲಿ ಬರುತ್ತೇವೆ. ನನ್ನದು ಐದು ಎಂದು ಡಾಕ್ಟರು ಬರೆದುಕೊಂಡರು. ಅದಕ್ಕೆ ತಕ್ಕ ಯಂತ್ರ ಬೇಕು. ಮಾಣಿಕ್ಯದ ಬೆಳಕಿನ ಅಲೆ 694 ನ್ಯಾನೋಮೀಟರ್. ಎನ್‌ಡಿ-ಯಾಗ್ ಎಂಬ ಲೇಸರಿನದು 1064. ಅಲೆ ಉದ್ದವಾದಷ್ಟೂ ಅದು ಆಳಕ್ಕೆ ಇಳಿಯುತ್ತದೆ, ಮೇಲಿನ ಚರ್ಮದ ಮೆಲನಿನ್‌ಗೆ ಅಷ್ಟಾಗಿ ಸಿಕ್ಕಿಬೀಳುವುದಿಲ್ಲ. "ನಿಮ್ಮಲ್ಲಿ ಯಾವ ಲೇಸರ್ ಇದೆ?" ಎಂದು ಕೇಳಲು ಸಂಕೋಚ ಬೇಡ. ತರಕಾರಿ ಕೊಳ್ಳುವಾಗ ಮುರಿದು ನೋಡಿ ಕೊಳ್ಳುವ ನಾವು ಚರ್ಮದ ವಿಷಯದಲ್ಲಿ ಯಾಕೆ ಬಾಯಿ ಕಟ್ಟಿಕೊಂಡು ಕೂರಬೇಕು?

ನನ್ನ ಚಿಕ್ಕಮ್ಮನ ಮಗಳು ಹಾಗೆ ಬಾಯಿ ಕಟ್ಟಿಕೊಂಡು ಕೂತವಳು. ಮುರುಡೇಶ್ವರಕ್ಕೆ ಹೋಗಿ ಮೂರು ದಿನ ಸಮುದ್ರದಲ್ಲಿ ಆಡಿ, ಕರ್ರಗೆ ಬಿಸಿಲು ಹತ್ತಿಸಿಕೊಂಡು ಬಂದ ವಾರದಲ್ಲೇ ಒಂದು ಪಾರ್ಲರಿನಲ್ಲಿ ಕಾಲಿಗೆ ಲೇಸರ್ ಮಾಡಿಸಿದಳು. ಬಿಸಿಲಿಗೆ ಹೋಗಿದ್ದಿರಾ ಎಂದು ಯಾರೂ ಕೇಳಲಿಲ್ಲ, ಹೇಳಬೇಕು ಎಂದು ಇವಳಿಗೂ ಗೊತ್ತಿರಲಿಲ್ಲ. ಅವಳ ಮೀನಖಂಡದ ಮೇಲೆ ಸುಟ್ಟ ಕಲೆಗಳನ್ನು ನಾನು ನೋಡಿದ್ದೇನೆ. ಯಂತ್ರದ ಮೂತಿಯಷ್ಟೇ ಅಗಲದ, ಬೆಂಕಿಪೊಟ್ಟಣವನ್ನು ಒತ್ತಿ ತೆಗೆದಂತೆ ಚೌಕಚೌಕ, ಒಂದರ ಪಕ್ಕ ಒಂದು. ಅವು ಮಾಸಲು ವರ್ಷ ಹಿಡಿಯಿತು. ಆ ವರ್ಷವೆಲ್ಲ ಅವಳು ಚೂಡಿದಾರದ ಪ್ಯಾಂಟು ಬಿಟ್ಟು ಬೇರೆ ತೊಡಲಿಲ್ಲ.

ಅದನ್ನು ಕಂಡಿದ್ದರಿಂದ ಬಿಸಿಲಿನ ವಿಷಯದಲ್ಲಿ ನಾನು ಕಟ್ಟುನಿಟ್ಟಾದೆ. ಮೈಸೂರಿನಿಂದ ನಂಜನಗೂಡಿನ ಶಾಲೆಗೆ ದಿನಾ ಬಸ್ಸು. ಬೆಳಿಗ್ಗೆ ತೆಂಕಣಕ್ಕೆ ಹೋಗುವಾಗ ಸೂರ್ಯ ಎಡಗಡೆ, ಸಂಜೆ ಬಡಗಣಕ್ಕೆ ಮರಳುವಾಗಲೂ ಎಡಗಡೆ. ಹಾಗಾಗಿ ಎರಡು ಹೊತ್ತೂ ಬಲಗಡೆಯ ಸೀಟು. ಅಷ್ಟು ವರ್ಷ ಓಡಾಡಿದ ದಾರಿಯಲ್ಲಿ ಬಿಸಿಲು ಎಲ್ಲಿರುತ್ತದೆ ಎಂದು ನಾನು ಗಮನಿಸಿದ್ದೇ ಆ ತಿಂಗಳು. ಸನ್‌ಸ್ಕ್ರೀನ್ ಮೂವತ್ತಕ್ಕಿಂತ ಮೇಲಿನ ಎಸ್‌ಪಿಎಫ್‌ನದು, ಮುಖಕ್ಕೂ ಕತ್ತಿಗೂ ಎರಡು ಬೆರಳಿನುದ್ದ, ಮಧ್ಯಾಹ್ನ ಮತ್ತೊಂದು ಸಲ. ಸ್ಟಾಫ್‌ರೂಮಿನಲ್ಲಿ ಎಲ್ಲರೆದುರಿಗೇ ಹಚ್ಚಿಕೊಂಡೆ.

ಅಮ್ಮನನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮುಖಕ್ಕೆ ಅರಿಶಿನ ಹುಟ್ಟಿದಂದಿನಿಂದ ಬಂದದ್ದು. ಶುಕ್ರವಾರ ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಹಾಲಿನ ಕೆನೆ ಕಲಸಿ ಉಜ್ಜಿದರೆ ಕೂದಲು ಉದುರುತ್ತದೆ ಎಂಬುದು ಅಮ್ಮನ ನಂಬಿಕೆ. ನನಗೆ ಉದುರಲಿಲ್ಲ, ಆದರೂ ಪ್ರತಿ ಶುಕ್ರವಾರ ಬಟ್ಟಲು ಹಿಡಿದು ಬರುತ್ತಿದ್ದರು. ಲೇಸರ್‌ಗೆ ಮುನ್ನ ಮುಖದ ಮೇಲೆ ಯಾವ ಬಣ್ಣವೂ ಉಳಿದಿರಬಾರದು, ಉಜ್ಜಿ ತರಚಿದ ಚರ್ಮವೂ ಆಗದು. ಹಾಗೆ ಹೇಳಿದಾಗ ಅಮ್ಮ ಬಟ್ಟಲು ಕೆಳಗಿಟ್ಟು, "ಅರಿಶಿನ ಕೂಡ ಬೇಡವಂತಾ?" ಅಂದರು. ಅವರ ದನಿಯಲ್ಲಿದ್ದ ನೋವು ನನಗೆ ಈಗಲೂ ಕೇಳಿಸುತ್ತದೆ. ಅದು ಅವರು ನನಗಾಗಿ ಮಾಡಬಲ್ಲ ಒಂದೇ ಔಷಧವಾಗಿತ್ತು.

ಆಮೇಲೆ ರೇಜರ್. ಹಿಂದಿನ ದಿನ ಆ ಜಾಗವನ್ನು ಬೋಳಿಸಿ ಬನ್ನಿ ಎಂದಿದ್ದರು. ಚರ್ಮದ ಮೇಲೆ ಕೂದಲು ನಿಂತಿದ್ದರೆ ಬೆಳಕಿಗೆ ಅದೇ ಮೊದಲು ಸುಟ್ಟು ಚರ್ಮಕ್ಕೂ ತಾಕುತ್ತದೆ. "ಪುಟ್ಟಿ, ಮುಖಕ್ಕೆ ಬ್ಲೇಡ್ ಹಾಕ್ತೀಯೇನೇ? ದಪ್ಪಗೆ ಬರುತ್ತೆ ಕಣೇ" ಎಂದು ಅಮ್ಮ ಕೈ ಹಿಡಿದುಕೊಂಡರು. ಈ ಮಾತು ಎಷ್ಟು ಮನೆಗಳಲ್ಲಿದೆಯೋ! ಬೋಳಿಸಿದರೆ ಕೂದಲು ದಪ್ಪವಾಗುವುದಿಲ್ಲ. ತಾನಾಗಿ ಬೆಳೆದ ಕೂದಲಿನ ತುದಿ ಸಣ್ಣಗೆ ಮೊನಚಾಗಿರುತ್ತದೆ, ಬ್ಲೇಡ್ ಕತ್ತರಿಸಿದ್ದು ಮೊಂಡಾಗಿರುತ್ತದೆ. ಕೈಗೆ ಒರಟಾಗಿ ತಾಕುವುದು ಆ ಮೊಂಡುತುದಿ. ಎಷ್ಟು ಕೂದಲು, ಎಷ್ಟು ದಪ್ಪ ಎಂಬುದನ್ನು ತೀರ್ಮಾನಿಸುವುದು ಬೇರು, ಬೇರಿಗೆ ಅಪ್ಪಣೆ ಕೊಡುವ ಹಾರ್ಮೋನು.

ಹಾರ್ಮೋನಿನ ಮಾತನ್ನು ಇಲ್ಲಿ ಬಿಟ್ಟು ಹೋಗಲಾರೆ. ಗದ್ದ, ಮೇಲ್ದುಟಿ, ಎದೆ, ಹೊಟ್ಟೆಯಲ್ಲಿ ದಪ್ಪ ಕೂದಲು ಬರುತ್ತಿದ್ದು, ಮುಟ್ಟೂ ಏರುಪೇರಾಗಿದ್ದರೆ ಲೇಸರ್‌ಗಿಂತ ಮೊದಲು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆಗಬೇಕು. ನನ್ನದು ನಮ್ಮಲ್ಲಿ ಎಲ್ಲರೂ ಪಿಸಿಓಡಿ ಎನ್ನುವ ತೊಂದರೆ. ಅದಕ್ಕೆ ಚಿಕಿತ್ಸೆ ಪಡೆಯದೆ ಮೇಲೆ ಎಷ್ಟು ಸಲ ಬೆಳಕು ಬಿಟ್ಟರೂ ಒಳಗಿನಿಂದ ಹೊಸ ಕೂದಲಿಗೆ ಕರೆ ಹೋಗುತ್ತಲೇ ಇರುತ್ತದೆ. ಡಾಕ್ಟರು ಇನ್ನೂ ಎರಡು ಮಾತು ಮುಚ್ಚುಮರೆ ಇಲ್ಲದೆ ಹೇಳಿದರು. ಲೇಸರ್‌ನಿಂದ ಕೂದಲು ಬಹಳ ಕಾಲ ಕಡಿಮೆಯಾಗುತ್ತದೆ, ಶಾಶ್ವತವಾಗಿ ಒಂದೂ ಇರದು ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ನಮ್ಮ ಭಾಗದ ಹೆಂಗಸರಲ್ಲಿ ಕೆಲವರಿಗೆ, ಅದರಲ್ಲೂ ಮುಖದ ಮೇಲೆ, ಅಕ್ಕಪಕ್ಕದ ನವಿರುಕೂದಲು ದಪ್ಪವಾಗುವುದೂ ಉಂಟು. ಎರಡನೆಯದನ್ನು ಕೇಳಿ ಎದೆ ಧಸಕ್ಕೆಂದಿತು. ಆದರೂ ಮೊದಲೇ ಹೇಳಿದರಲ್ಲ, ಅದಕ್ಕೇ ಅವರಲ್ಲಿ ನನಗೆ ನಂಬಿಕೆ ಬಂತು.

ನಾಲ್ಕು ವಾರದಲ್ಲಿ ಮೂರನೆಯದು ತುಂಬ ಉದ್ದವಾಗಿತ್ತು. ರೇಜರ್ ಹಾಕಲು ಧೈರ್ಯ ಬಂದಿರಲಿಲ್ಲ, ಚಿಮುಟವನ್ನು ಕುಂಕುಮದ ಭರಣಿಯ ಹಿಂದೆ ಎತ್ತಿಟ್ಟಿದ್ದೆ. ಮುಂದಿನ ಬೆಂಚಿನ ಮಕ್ಕಳಿಗೆ ಮೇಷ್ಟ್ರ ಮುಖ ಎಷ್ಟು ಹತ್ತಿರ ಎಂಬುದು ಪಾಠ ಮಾಡುವವರಿಗೆ ಗೊತ್ತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ಓದುವಾಗಲೂ ಕೈಯನ್ನು ಮೇಲ್ದುಟಿಯಿಂದ ತೆಗೆಯದವಳು. ಒಂದು ದಿನ ನೋಟ್‌ಬುಕ್ ಕೊಡಲು ಬಂದು ನಿಂತೇ ಇದ್ದಳು. "ಮಿಸ್, ನಿಮಗೂ ಬರುತ್ತಾ?" ಎಂದು ಕೇಳಿದಳು. ಬರುತ್ತೆ ಅಂದೆ. ಅವಳಿಗೆ ಲೇಸರಿನ ಮಾತು ಎತ್ತಲಿಲ್ಲ, ಎತ್ತುವ ವಯಸ್ಸೂ ಅಲ್ಲ. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಅವಳ ತಾಯಿಯನ್ನು ಕರೆಸಿ ಡಾಕ್ಟರ ಹತ್ತಿರ ಕಳಿಸಿದೆ. ಆ ತಿಂಗಳು ಗದ್ದ ಮುಚ್ಚಿಕೊಳ್ಳದೆ ಇದ್ದದ್ದಕ್ಕೆ ನನಗೆ ಸಿಕ್ಕ ಫಲ ಅದು.

ಇನ್ನು ಕ್ರೀಮು, ಮಾತ್ರೆಗಳು. ಮೊಡವೆಗೆ ರಾತ್ರಿ ಹಚ್ಚುವ ರೆಟಿನಾಯ್ಡ್ ಕ್ರೀಮು, ಸಿಪ್ಪೆ ಸುಲಿಸುವ ಆಮ್ಲದ ಸೀರಮ್ಮುಗಳನ್ನು ಒಂದು ವಾರ ಮೊದಲೇ ನಿಲ್ಲಿಸಲು ಡಾಕ್ಟರು ಹೇಳಿದರು. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ಚರ್ಮ ಬೆಳಕಿಗೆ ಬೇಗ ಸಿಟ್ಟಾಗುತ್ತದೆ. ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಂಡಿದ್ದರೆ, ತುಟಿಯ ಮೇಲೆ ಪದೇಪದೇ ಜ್ವರದ ಗುಳ್ಳೆ ಏಳುತ್ತಿದ್ದರೆ, ಬಸುರಿಯಾಗಿದ್ದರೆ, ಎಲ್ಲವನ್ನೂ ಹೇಳಲೇಬೇಕು.

ನೋವಿಗೆ ಮರಗಟ್ಟಿಸುವ ಕ್ರೀಮನ್ನು ಮನೆಯಲ್ಲೇ ಧಾರಾಳವಾಗಿ ಬಳಿದುಕೊಂಡು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಮೆರಿಕದಲ್ಲಿ ಲೇಸರ್‌ಗೆ ಹೋಗುವ ಮುನ್ನ ಕಾಲಿಗೆಲ್ಲ ಅಂಥ ಕ್ರೀಮು ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡ ಇಬ್ಬರು ಎಳೆಯ ಹೆಣ್ಣುಮಕ್ಕಳು ತೀರಿಕೊಂಡರು. ಔಷಧ ಚರ್ಮದಿಂದ ರಕ್ತಕ್ಕೆ ಇಳಿದಿತ್ತು. 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಮೇಲೆ ಎಚ್ಚರಿಕೆ ಹೊರಡಿಸಿತು. ಎಷ್ಟು ಹಚ್ಚಬೇಕು, ಹಚ್ಚಲೇಬೇಕೇ ಎಂಬುದನ್ನು ಡಾಕ್ಟರೇ ಹೇಳಲಿ.

ಆ ದಿನ ಬಂತು. ಹದಿನೈದು ದಿನ ಮೊದಲೇ ದವಡೆಯ ಕೆಳಗೆ, ಕಿವಿಯ ಹತ್ತಿರ ಒಂದು ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ಗುಳ್ಳೆ ಏಳಲಿಲ್ಲ, ಕಪ್ಪಾಗಲಿಲ್ಲ. ಪೌಡರ್ ಇಲ್ಲ, ಸೆಂಟ್ ಇಲ್ಲ, ಬರಿಮುಖದಲ್ಲಿ ಹೋಗಿ ಮಲಗಿದೆ. ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿದರು. ಗದ್ದದ ಎಡಕ್ಕೆ ನನಗೊಂದು ಮಚ್ಚೆ ಇದೆ, ಅದರ ಮೇಲೆ ಬಿಳಿ ಪೆನ್ಸಿಲಿನಿಂದ ಬಳಿದು ಮುಚ್ಚಿದರು. ಮಚ್ಚೆಯ ಕಪ್ಪೂ ಬೆಳಕನ್ನು ಹೀರುತ್ತದೆ, ಹಚ್ಚೆಯದೂ ಅಷ್ಟೆ. ನನ್ನ ಅಜ್ಜಿಗೆ ಗದ್ದದ ನಡುವೆ ಮೂರು ಹಸಿರು ಹಚ್ಚೆಯ ಚುಕ್ಕೆಗಳಿದ್ದವು. ಚಿಕ್ಕವಳಿದ್ದಾಗ ಆ ಚುಕ್ಕೆಗಳ ಮೇಲೆ ಬೆರಳಿಟ್ಟು ನಿದ್ದೆ ಹೋಗುತ್ತಿದ್ದೆ. ಅವುಗಳ ಸುತ್ತ ಒಂದೆರಡು ಗಟ್ಟಿ ಕೂದಲು ಬೆರಳಿಗೆ ಚುಚ್ಚುತ್ತಿದ್ದವು ಎಂಬುದು ಆ ಕತ್ತಲೆ ಕನ್ನಡಕದೊಳಗೆ ನೆನಪಾಯಿತು. ನನಗೆ ಅವು ಅಜ್ಜಿಯ ಮುಖದ ಭಾಗವೇ ಆಗಿದ್ದವು.

ತಣ್ಣನೆಯ ಜೆಲ್ ಹಚ್ಚಿದರು. ರಬ್ಬರ್‌ಬ್ಯಾಂಡ್ ಎಳೆದು ಬಿಟ್ಟಂತೆ ಒಂದೊಂದು ಪೆಟ್ಟು, ಜೊತೆಗೆ ಕೂದಲು ಸೀದ ವಾಸನೆ. ಹತ್ತು ನಿಮಿಷದಲ್ಲಿ ಮುಗಿಯಿತು. ಇಂಥವು ಆರರಿಂದ ಎಂಟು ಸಲ, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಆಗಬೇಕು, ಏಕೆಂದರೆ ಕೂದಲೆಲ್ಲ ಒಟ್ಟಿಗೆ ಬೆಳೆಯುವ ಹಂತದಲ್ಲಿರುವುದಿಲ್ಲ. ನಡುವೆ ಚಿಮುಟ ಮುಟ್ಟುವಂತಿಲ್ಲ, ರೇಜರ್ ಮಾತ್ರ.

ಮೊದಲ ಸಲ ಹೋಗುವವರಲ್ಲಿ ನನ್ನದೊಂದು ಕೋರಿಕೆ. ನುಂಗುವ ಮಾತ್ರೆ, ಹಚ್ಚುವ ಕ್ರೀಮು, ಕಳೆದ ತಿಂಗಳು ಬಿಸಿಲಿನಲ್ಲಿ ಕಳೆದ ದಿನಗಳು, ಕೊನೆಯ ಸಲ ಕಿತ್ತ ತಾರೀಖು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಕೇಳದಿದ್ದರೆ ನೀವೇ ಓದಿ ಹೇಳಿ. ಕೇಳಿಸಿಕೊಳ್ಳುವ ವ್ಯವಧಾನ ಅವರಿಗಿಲ್ಲದಿದ್ದರೆ ಎದ್ದು ಬನ್ನಿ.