ಡಿಂಗೊ ಇರೋ ದ್ವೀಪದಲ್ಲಿ ಎಂಟು ದಿನದ ನಡಿಗೆ

ಬ್ರಿಸ್ಬೇನಿಗೆ ಬಂದು ನೆಲೆಸಿದ ಕನ್ನಡದವರೆಲ್ಲ ಒಂದಲ್ಲ ಒಂದು ದಿನ ಫ್ರೇಸರ್ ದ್ವೀಪಕ್ಕೆ ಹೋಗಿಯೇ ಹೋಗ್ತಾರೆ. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ ಅದು, ಉದ್ದ 120 ಕಿ.ಮೀ.ಗೂ ಹೆಚ್ಚು. 2023ರಿಂದ ಅಧಿಕೃತವಾಗಿ ಬುಚುಲ್ಲ ಜನರ ಮೂಲ ಹೆಸರೇ ಬಂದಿದೆ. ಉಚ್ಚಾರ ಹೆಚ್ಚುಕಡಿಮೆ ನಮ್ಮ ನವಿಲುಗರಿಯ 'ಗರಿ'. ನಾಲಿಗೆಗೆ ಸುಲಭ ಬಿಡಿ.

ಹೆಚ್ಚಿನವರು ಫೋರ್ ವ್ಹೀಲ್ ಡ್ರೈವ್‌ನಲ್ಲಿ ಒಂದು ಸುತ್ತು ಹಾಕಿ, ಮೆಕೆಂಜಿ ಸರೋವರದಲ್ಲಿ ಫೋಟೊ ತೆಗೆಸಿಕೊಂಡು ವಾಪಸ್. ನಾನು, ನನ್ನ ಗಂಡ ಈ ಚಳಿಗಾಲದಲ್ಲಿ ನಡೆದೇ ನೋಡೋಣ ಅಂತ ಹೊರಟಿದ್ದೇವೆ. ಗ್ರೇಟ್ ವಾಕ್ ಅನ್ನುವ ಈ ಹಾದಿ ದಿಲ್ಲಿ ವಿಲೇಜ್‌ನಿಂದ ಹ್ಯಾಪಿ ವ್ಯಾಲಿವರೆಗೆ, ಅಡ್ಡದಾರಿಗಳೆಲ್ಲ ಸೇರಿ ಸುಮಾರು 90 ಕಿ.ಮೀ. (ಹೌದು, ದಿಲ್ಲಿ. ಅಮ್ಮನಿಗೆ ಫೋನಲ್ಲಿ ಅರ್ಥ ಮಾಡಿಸೋಕೆ ಹತ್ತು ನಿಮಿಷ ಬೇಕಾಯ್ತು.)

ಮೊದಲ ನಾಲ್ಕು ದಿನ ಸಲೀಸು. ಬೂಮಂಜಿನ್, ಬೆನರೂನ್, ಸೆಂಟ್ರಲ್ ಸ್ಟೇಷನ್, ಮೆಕೆಂಜಿ ಅಂತ ದಿನಕ್ಕೆ ಆರೇಳು ಕಿ.ಮೀ. ಅಷ್ಟೆ. ಮೆಕೆಂಜಿ ದಾಟಿದ ಮೇಲೆ ನಿಜವಾದ ನಡಿಗೆ. ವ್ಯಾಬಿ ಸರೋವರಕ್ಕೆ 12, ಅಲ್ಲಿಂದ ದೈತ್ಯ ಮರಗಳ ಕಣಿವೆಗೆ 16. ಬೆನ್ನ ಮೇಲೆ ಟೆಂಟು, ಕಾಲಡಿ ಮರಳು. ವ್ಯಾಬಿಯನ್ನು ಪಕ್ಕದ ಮರಳುದಿಬ್ಬ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ನುಂಗ್ತಾ ಇದೆ. ನನಗೆ ಅದನ್ನು ನೋಡಲೇಬೇಕು.

ಶಿಬಿರಗಳಿಗೆ ಮೊದಲೇ ಪರ್ಮಿಟ್ ಮಾಡಿಸಬೇಕು. ಅಲ್ಲಿ ಬೆಂಕಿ ಹಾಕುವ ಹಾಗಿಲ್ಲ, ಸಣ್ಣ ಗ್ಯಾಸ್ ಒಲೆ ಒಯ್ಯಬೇಕು. ನೀರು ಕುದಿಸಿಯೋ ಶೋಧಿಸಿಯೋ ಕುಡಿಯಬೇಕು. ಊಟದ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು: ಗೊಜ್ಜವಲಕ್ಕಿ ಪುಡಿ, ಹುರಿದ ರವೆ, ಚಟ್ನಿಪುಡಿ. ತೂಕ ಕಮ್ಮಿ, ಗ್ಯಾಸೂ ಉಳಿಯುತ್ತೆ.

ಆದ್ರೆ ಆ ಚಟ್ನಿಪುಡಿಯ ಘಮ ಡಿಂಗೊಗೂ ಸಿಗುತ್ತಲ್ಲ! ಅದು ಅಲ್ಲಿಯ ಕಾಡುನಾಯಿ. ತಿಂಡಿ ಮಾತ್ರವಲ್ಲ, ಟೂತ್‌ಪೇಸ್ಟ್ ಕೂಡ ಟೆಂಟಿನೊಳಗೆ ಇಡಬಾರದು, ಶಿಬಿರದ ಲಾಕರಿನಲ್ಲಿಡಬೇಕು. ಒಬ್ಬೊಬ್ಬರೇ ಓಡಾಡಬಾರದು, ಕೈಯಲ್ಲೊಂದು ಕೋಲಿರಬೇಕು. ಎದುರಾದರೆ ಓಡಬಾರದು, ಅದರ ಕಡೆ ಮುಖ ಮಾಡಿ, ನೆಟ್ಟಗೆ ನಿಂತು, ಮೆಲ್ಲಗೆ ಹಿಂದೆ ಸರಿಯಬೇಕು. ಮಕ್ಕಳು ಸದಾ ಕೈಗೆಟುಕುವಷ್ಟು ಹತ್ತಿರ ಇರಬೇಕು.

ನಮ್ಮ ಪ್ಲಾನ್ ಸಿಕ್ಕಿಬಿದ್ದಿದ್ದು ಇಲ್ಲೇ. ನಾನು ಅಕ್ಕ ಅಂತಲೇ ಕರೆಯುವ ಗೆಳತಿಯೊಬ್ಬರು, "ನಾನೂ ಪುಟ್ಟಿನೂ ಬರ್ತೀವಿ ಕಣೇ, ಎಂಟು ದಿನ ಅವಳು ಫೋನ್ ಮುಟ್ಟದೇ ಇರ್ತಾಳೆ" ಅಂದ್ರು. ಪುಟ್ಟಿಗೆ ಒಂಬತ್ತು ವರ್ಷ. 2001ರಲ್ಲಿ ಇದೇ ದ್ವೀಪದಲ್ಲಿ ಡಿಂಗೊ ದಾಳಿಗೆ ಸತ್ತ ಹುಡುಗನಿಗೂ ಒಂಬತ್ತೇ ವರ್ಷ. ಹೇಳದೇ ಇರೋಕಾಗಲಿಲ್ಲ, ಹೇಳಿದೆ. "ಅಷ್ಟೊಂದು ಹೆದರಿಸ್ತೀಯಲ್ಲ" ಅಂತ ಅಕ್ಕ ಎರಡು ದಿನ ಮಾತಾಡಲಿಲ್ಲ.

ಹಾದಿಯ ಎಲ್ಲ ಶಿಬಿರಗಳಿಗೂ ಬೇಲಿಯಿಲ್ಲ. ಸೆಂಟ್ರಲ್ ಸ್ಟೇಷನ್‌ಗೆ ಇದೆ, ಅಲ್ಲಿಗೆ ಗಾಡಿಯೂ ಹೋಗುತ್ತೆ. ಅದಕ್ಕೆ ನನ್ನ ಲೆಕ್ಕ ಇದು: ಅಕ್ಕ, ಭಾವ, ಪುಟ್ಟಿ ರಿವರ್ ಹೆಡ್ಸ್‌ನಿಂದ ಬಾರ್ಜ್ ಹತ್ತಿ ನೇರ ಅಲ್ಲಿಗೇ ಬಂದು ಬೇಲಿಯೊಳಗೆ ಟೆಂಟ್ ಹಾಕಲಿ. ಮೂರನೇ ಸಂಜೆ ನಾವು ನಡೆದು ತಲುಪ್ತೀವಿ. ಅಲ್ಲಿ ವಾಂಗೂಲ್ಬಾ ತೊರೆ ಬಿಳಿ ಮರಳಿನ ಮೇಲೆ ಸದ್ದೇ ಇಲ್ಲದೆ ಹರಿಯುತ್ತೆ. ಮಗು ಗಂಟೆಗಟ್ಟಲೆ ನೋಡ್ತಾ ಕೂರಬಹುದು. ಮರುದಿನ ಎಲ್ಲರೂ ಒಟ್ಟಿಗೆ ಮೆಕೆಂಜಿಗೆ ನಡೆಯೋದು, ಪುಟ್ಟಿ ನಮ್ಮಿಬ್ಬರ ನಡುವೆ. ಭಾವ ಗಾಡಿ ತಂದು ಅವರನ್ನು ಕರ್ಕೊಂಡು ಹೋಗ್ತಾರೆ, ನಾವು ಮುಂದಕ್ಕೆ.

ನಿನ್ನೆ ಇದನ್ನೆಲ್ಲ ಬರೆದು ಕಳಿಸಿದೆ. ಅಕ್ಕನಿಂದ ರಾತ್ರಿ ಒಂದೇ ಸಾಲು ಬಂತು: "ಪುಟ್ಟಿಗೆ ಕೋಲು ಎಷ್ಟುದ್ದ ಇರಬೇಕು?"