ಹೊಸ ಕಂಪ್ರೆಸರ್

ಉಪ್ಪಳದ ನಮ್ಮ ಮನೆಯ ಶೆಡ್ಡಿನಲ್ಲಿ ಕಪಾಟು, ಬಾಗಿಲುಗಳಿಗೆ ಸ್ಪ್ರೇ ಬಣ್ಣ ಹೊಡೆಯುವುದೇ ನನ್ನ ದುಡಿಮೆ. ಈ ಮಳೆಗಾಲದಲ್ಲಿ ಹಳೇ ಕಂಪ್ರೆಸರಿನ ಟ್ಯಾಂಕ್ ಅಡಿಯಲ್ಲಿ ತುಕ್ಕು ತಿಂದು ಗಾಳಿ ಸೋರತೊಡಗಿತು. ಕಡಲ ಬದಿಯ ತೇವದ ಗಾಳಿ. ಒತ್ತಿದಾಗ ನೀರಾಗಿ ತಳದಲ್ಲೇ ನಿಲ್ಲುತ್ತದೆ. ದಿನಾ ನೀರು ಹೊರಬಿಟ್ಟರೂ 14 ವರ್ಷದ ಕಬ್ಬಿಣ ಎಷ್ಟು ತಾಳೀತು?

"ವೆಲ್ಡಿಂಗ್ ಮಾಡಿಸು ಮೋನೇ, ದುಡ್ಡು ಉಳಿಯುತ್ತದೆ" ಎಂದರು ಉಮ್ಮ. ಅವರು ಬೀಡಿ ಕಟ್ಟುವುದು ಅದೇ ಗೋಡೆಯ ಆಚೆ. 8 ಬಾರ್ ಒತ್ತಡ ತುಂಬುವ ಸವೆದ ಟ್ಯಾಂಕಿಗೆ ತೇಪೆ ಹಾಕಿ ಅವರ ಪಕ್ಕ ಇಡಲಾರೆ.

ಅಂಗಡಿಯವನು ಎಣ್ಣೆ ಬೇಡದ 24 ಲೀಟರಿನದು ತೋರಿಸಿದ. ಅಗ್ಗ, ಹಗುರ. ಆದರೆ ಅರ್ಧ ಬಾಗಿಲು ಮುಗಿಯುವಷ್ಟರಲ್ಲೇ ಗಾಳಿ ಕುಗ್ಗುತ್ತದೆ, ಸದ್ದೋ ಕಿವಿ ಹರಿಯುವಂಥದ್ದು. ಬೆಲ್ಟಿನದೇ ತೆಗೆದುಕೊಂಡೆ: 2 ಎಚ್‌ಪಿ, 100 ಲೀಟರ್. ಅರ್ಧ ದುಡ್ಡು ದುಬೈಯ ಇಚ್ಚ ಕಳಿಸಿದರು. ಉಮ್ಮ ಇನ್ನೂ ಬೆಲೆ ಕೇಳಿಲ್ಲ, ನಾನೂ ಹೇಳಿಲ್ಲ.