ಹಾಡು ಅದೇ, ಪ್ಲೇಟು ಯಾವುದು?

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಮೇಷ್ಟ್ರು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಾಜರ್. ಹೆಗಲಿಗೆ ಬಟ್ಟೆ ಚೀಲ, ಜೇಬಿನಲ್ಲಿ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಮಸೂರ. ತುಕ್ಕು ಹಿಡಿದ ಸ್ಪ್ಯಾನರು, ಒಂಟಿ ಶೂ, ಬಾಯಿ ಸತ್ತ ರೇಡಿಯೊಗಳ ನಡುವೆ ಎಲ್ಲಾದರೂ ರೆಕಾರ್ಡುಗಳ ಕಟ್ಟು ಕಂಡರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಾರೆ. ಕವರಿನ ಚಿತ್ರ ನೋಡುವುದಿಲ್ಲ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಹೊರಗೆಳೆದು, ಬಿಸಿಲಿಗೆ ವಾರೆ ಮಾಡಿ, ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಪಟ್ಟಿಯನ್ನು ಮಸೂರದಲ್ಲಿ ಓದುತ್ತಾರೆ. ಮಾರುವವನೂ ಈಗ ಪಳಗಿದ್ದಾನೆ. "ನಂಬರ್ ನೋಡ್ತಿದ್ದೀರಾ ಸಾರ್? ಹಾಗಾದ್ರೆ ರೇಟು ಬೇರೆ" ಅನ್ನುತ್ತಾನೆ.

ಐವತ್ತು ವರ್ಷದ ಹಿಂದೆ ಈ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ತಿಪಟೂರು ಕಡೆಯ ಹಳ್ಳಿಯಲ್ಲಿ ಬೆಳೆದ ಮೇಷ್ಟ್ರಿಗೆ ಪ್ಲೇಟು ಅಂದರೆ ಮೊದಲು ನೆನಪಾಗುವುದು ಟೆಂಟ್ ಸಿನಿಮಾ. ಘಂಟಸಾಲ ಅವರ 'ನಮೋ ವೆಂಕಟೇಶ' ಹಾರ್ನಿನಲ್ಲಿ ಮೊಳಗಿತೆಂದರೆ ಆಟ ಶುರುವಾಗಲಿದೆ ಎಂದು ಅರ್ಧ ಊರಿಗೆ ಗೊತ್ತಾಗುತ್ತಿತ್ತು. ಮದುವೆಗೆ ಬರುತ್ತಿದ್ದ ಮೈಕ್ ಸೆಟ್ಟಿನವನ ಪೆಟ್ಟಿಗೆಯಲ್ಲೂ ಪ್ಲೇಟುಗಳೇ. ಭಾರದ ಮುಳ್ಳು, ಚಪ್ಪರದ ಧೂಳು, ದಿನಕ್ಕೆ ಹತ್ತು ಸಲ ಅದೇ ಹಾಡು. ಅಂಥ ಪ್ಲೇಟಿನ ಲೇಬಲ್ ಮೇಲೆ 'ಸೌಂಡ್ ಸರ್ವೀಸ್' ಎಂಬ ರಬ್ಬರ್ ಸ್ಟ್ಯಾಂಪ್ ಬಿದ್ದಿರುತ್ತದೆ. ಇವತ್ತಿಗೂ ಆ ಸ್ಟ್ಯಾಂಪ್ ಕಂಡರೆ ಮೇಷ್ಟ್ರು ಮಸೂರ ತೆಗೆಯದೆಯೇ ಕೆಳಗಿಡುತ್ತಾರೆ.

1974ರಲ್ಲಿ ಫಿಸಿಕ್ಸ್ ಮೇಷ್ಟರಾಗಿ ಬೆಂಗಳೂರಿಗೆ ಬಂದಾಗ ಸಂಬಳ ಉಳಿಸಿ ಕೊಂಡದ್ದು ಎಚ್‌ಎಂವಿ ಫಿಯೆಸ್ಟಾ, ಮುಚ್ಚಳ ಮುಚ್ಚಿದರೆ ಸೂಟ್‌ಕೇಸಿನಂತೆ ಹಿಡಿದು ಹೋಗಬಹುದಾದ ಪ್ಲೇಯರು. ಅಂಗಡಿಯಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಬಂಗಾರದ ಮನುಷ್ಯ ಇದೆಯಾ?" ಇದ್ದರೆ ಹುಡುಗ ಒಂದು ಚರಣ ಹಾಕಿ ಕೇಳಿಸುತ್ತಿದ್ದ, ಗಿರಾಕಿ ತಲೆಯಾಡಿಸಿ ದುಡ್ಡು ಕೊಡುತ್ತಿದ್ದ. ಅದು ಎಲ್ಲಿ ಒತ್ತಿದ ಪ್ಲೇಟು ಎಂದು ಕೇಳಿದ್ದರೆ ಅಂಗಡಿಯವನು ಮುಖ ಮುಖ ನೋಡುತ್ತಿದ್ದ.

ಕೇಳುವ ಅಗತ್ಯವೂ ಇರಲಿಲ್ಲ. ಹೆಚ್ಚುಕಮ್ಮಿ ಎಲ್ಲವೂ ಕಲ್ಕತ್ತೆಯ ದಮ್‌ದಮ್‌ನಿಂದ ಬರುತ್ತಿದ್ದವು. 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಹಾಡಿದ್ದನ್ನು ತಟ್ಟೆಯಾಗಿ ಒತ್ತಿಸಲು ಜರ್ಮನಿಯ ಹ್ಯಾನೋವರ್‌ಗೆ ಕಳಿಸಬೇಕಾಗಿತ್ತು. 1908ರಲ್ಲಿ ಗ್ರಾಮಫೋನ್ ಕಂಪನಿ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು, ಇಪ್ಪತ್ತರ ದಶಕದ ಕೊನೆಗೆ ದಮ್‌ದಮ್‌ಗೆ ಹೋಯಿತು. ನಾಯಿ ಕೂತ ಎಚ್‌ಎಂವಿ, ಕೊಲಂಬಿಯಾ, ಓಡಿಯನ್ ಎಂದು ಲೇಬಲ್ ಬೇರೆ ಬೇರೆ ಇದ್ದರೂ ಒಲೆ ಒಂದೇ. ಎಪ್ಪತ್ತರ ದಶಕದಲ್ಲಿ ಪಾಲಿಡಾರ್ ಬಂದ ಮೇಲೆಯೇ ನಿಜವಾದ ಪೈಪೋಟಿ ಹುಟ್ಟಿದ್ದು. 'ಶೋಲೆ'ಯ ಡೈಲಾಗುಗಳನ್ನೇ ಎಲ್‌ಪಿ ಮಾಡಿ ಮಾರಿದವರು ಅವರು.

ಅದಕ್ಕೂ ಹಿಂದಿನ 78 ಆರ್‌ಪಿಎಂ ಪ್ಲೇಟುಗಳು ಅರಗಿನವು. ಪಾಂಡವರನ್ನು ಸುಡಲು ಮನೆ ಕಟ್ಟಿಸಿದ್ದರಲ್ಲ, ಅದೇ ಅರಗು, ಜೊತೆಗೆ ಕಲ್ಲಿನ ಪುಡಿ, ಮಸಿ. ಮೇಷ್ಟ್ರು ಇದನ್ನು ಕಲಿತದ್ದು ಪೆಟ್ಟು ತಿಂದು. ಅಜ್ಜಿ ಮನೆಯ ಅಟ್ಟದಲ್ಲಿ ಸಿಕ್ಕ ಪ್ಲೇಟನ್ನು ಚೊಕ್ಕ ಮಾಡೋಣವೆಂದು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರು. ಹತ್ತಿ ಕಪ್ಪಾಯಿತು, ಗೆರೆ ಅಳಿಸಿತು. ಬಡಗಿಗಳು ಪಾಲಿಶ್‌ಗೆ ಸ್ಪಿರಿಟ್ಟಿನಲ್ಲಿ ಕರಗಿಸುವುದು ಇದೇ ಅರಗನ್ನು ಎಂದು ಫಿಸಿಕ್ಸ್ ಮೇಷ್ಟರಿಗೆ ಆ ಕ್ಷಣ ಹೊಳೆಯಲಿಲ್ಲ! ಈಗ ಅವರು ವಿನೈಲ್ ಪ್ಲೇಟು ತೊಳೆಯುವುದು ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪಿನಿಂದ.

1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತು. ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಮೇಷ್ಟ್ರ ಮನೆಗೂ ಟೇಪ್ ರೆಕಾರ್ಡರ್ ಬಂತು, ಫಿಯೆಸ್ಟಾ ಅಟ್ಟ ಸೇರಿತು. ಹತ್ತು ಹನ್ನೆರಡು ವರ್ಷದಲ್ಲಿ ಅಂಗಡಿಗಳ ಕಪಾಟಿನಿಂದ ಪ್ಲೇಟುಗಳು ಇಳಿದು, ಗುಜರಿಯವನ ತಕ್ಕಡಿ ಏರಿದವು. ಹಳೇ ಪೇಪರ್ ಜೊತೆ ತೂಕಕ್ಕೆ ಹಾಕಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅವರ ಸಂಗ್ರಹದ ಅರ್ಧಪಾಲು ಆ ತಕ್ಕಡಿಯಿಂದಲೇ ಎತ್ತಿಕೊಂಡದ್ದು.

ಮಸೂರ ಜೇಬಿಗೆ ಬಂದದ್ದು ಬಹಳ ತಡವಾಗಿ, ಸಾಫ್ಟ್‌ವೇರ್ ಹುಡುಗರು ಪ್ಲೇಟಿನ ಹಿಂದೆ ಬಿದ್ದ ಮೇಲೆ. ಅವರಲ್ಲೊಬ್ಬ ನುಣುಪು ಪಟ್ಟಿಯ ಗೀಚನ್ನು ಓದುವುದು ಹೇಳಿಕೊಟ್ಟ. ಮೊದಲು ಮೆದು ಲ್ಯಾಕರ್ ತಟ್ಟೆಯ ಮೇಲೆ ಹಾಡಿನ ಗೆರೆ ಕೊರೆಯುತ್ತಾರೆ. ಅದಕ್ಕೆ ಬೆಳ್ಳಿ ಬಳಿದು ನಿಕ್ಕಲ್ ಲೇಪಿಸಿ ಉಬ್ಬಚ್ಚು ತೆಗೆಯುತ್ತಾರೆ. ಆ ಉಬ್ಬಚ್ಚಿನಿಂದ 'ಮದರ್', ಮದರ್‌ನಿಂದ ಒತ್ತುವ 'ಸ್ಟ್ಯಾಂಪರ್'. ಸ್ಟ್ಯಾಂಪರ್ ಒತ್ತುತ್ತ ಒತ್ತುತ್ತ ಸವೆಯುತ್ತದೆ, ಸಾವಿರ ಚಕ್ಕುಲಿ ಒತ್ತಿದ ಬಿಲ್ಲೆಯ ಹಾಗೆ. ಆದ್ದರಿಂದ ಮೊದಲ ನೂರರಲ್ಲಿ ಬಂದ ಪ್ಲೇಟಿಗೂ ಕೊನೆಯ ನೂರರದ್ದಕ್ಕೂ ವ್ಯತ್ಯಾಸ ಇರಬಹುದು.

ಲಂಡನ್ ಬಳಿಯ ಹೇಸ್ ಕಾರ್ಖಾನೆಯವರು ಸ್ಟ್ಯಾಂಪರಿನ ಸಂಖ್ಯೆಯನ್ನು ಅಕ್ಷರದಲ್ಲಿ ಕೊರೆಯುತ್ತಿದ್ದರು. ಗ್ರಾಮಫೋನ್ ಕಂಪನಿಯ ಇಂಗ್ಲಿಷ್ ಹೆಸರಿನಿಂದಲೇ ಆಯ್ದ ಹತ್ತು ಅಕ್ಷರ: ಜಿ ಅಂದರೆ 1, ಆರ್ 2, ಎ 3, ಎಂ 4, ಹೀಗೇ ಸಾಗಿ ಕೊನೆಯ ಡಿ ಸೊನ್ನೆ. 'ಆರ್‌ಎಂ' ಎಂದಿದ್ದರೆ 24ನೆಯ ಸ್ಟ್ಯಾಂಪರ್. ಮೇಷ್ಟ್ರಿಗೆ ಇದು ಒಳ್ಳೇ ಚಟ ಹಿಡಿಸಿತು. ಅಮೆರಿಕದಲ್ಲಿ 'ಲೆಡ್ ಝೆಪೆಲಿನ್ 2' ಎಲ್‌ಪಿಯ ಪಟ್ಟಿಯಲ್ಲಿ ರಾಬರ್ಟ್ ಲಡ್ವಿಗ್ ಎಂಬ ಎಂಜಿನಿಯರ್ ಗೀಚಿದ 'ಆರ್‌ಎಲ್' ಎಂಬೆರಡು ಅಕ್ಷರಕ್ಕೆ ಜನ ಎಷ್ಟು ದುಡ್ಡು ಸುರಿಯುತ್ತಾರೆ ಎಂಬುದನ್ನು ಅವರು ಕತೆಯಂತೆ ಹೇಳುತ್ತಾರೆ. 1969ರಲ್ಲಿ ಆತ ಕೊರೆದ ಗೆರೆ ಎಷ್ಟು ಜೋರಿತ್ತೆಂದರೆ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಹಾರಿತಂತೆ. ಕಂಪನಿ ಗಾಬರಿಯಾಗಿ ಮತ್ತೆ ಮೆತ್ತಗೆ ಕೊರೆಸಿತು. ಹಾರಿದ ಪ್ಲೇಟಿಗೇ ಈಗ ಬೆಲೆ.

ಕನ್ನಡದ ಪ್ಲೇಟಿಗೆ ಈ ಆಟ ನಡೆಯುವುದಿಲ್ಲ. ಜಿ.ಕೆ. ವೆಂಕಟೇಶರ ಟ್ಯೂನಿಗೆ ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ಲಂಡನ್ನಿನಲ್ಲೋ ಟೋಕಿಯೊದಲ್ಲೋ ಯಾರೂ ಒತ್ತಲಿಲ್ಲ. ಅಲ್ಲಿ ಹುಡುಕಬೇಕಾದದ್ದು ಒಂದೇ, ಮೈಕ್ ಸೆಟ್ಟಿನ ಕೈಗೆ ಸಿಗದೆ ಉಳಿದ ಪ್ರತಿ. ಹೋಲಿಸಿ ನೋಡಲು ದೇಶ ದೇಶಗಳಲ್ಲಿ ಒತ್ತಿದ ತಟ್ಟೆ ಬೇಕು. ಹೀಗಾಗಿ ಭೀಮಸೇನ ಜೋಶಿಯವರ ಭಕ್ತರಾದ ಮೇಷ್ಟ್ರ ಮನೆಯಲ್ಲಿ ಬೀಟಲ್ಸ್‌ನ 'ಅಬ್ಬೆ ರೋಡ್' ಎರಡು ಪ್ರತಿ ಇವೆ. ಒಂದು ದಂಡಿನ ಕಡೆ ಮನೆ ಖಾಲಿ ಮಾಡಿದವರಿಂದ ಬಂದ ಲಂಡನ್ ಪ್ಲೇಟು. ಇನ್ನೊಂದು ದಮ್‌ದಮ್‌ನದ್ದು. ದಮ್‌ದಮ್ ಎಂದರೆ ಸಂಗ್ರಾಹಕರು ಮೂಗು ಮುರಿಯುತ್ತಾರೆ. ಆದರೆ ಇಲ್ಲಿ ಒತ್ತಿದ ಎಷ್ಟೋ ಇಂಗ್ಲಿಷ್ ಎಲ್‌ಪಿಗಳಿಗೆ ಅಚ್ಚು ಬಂದದ್ದು ಲಂಡನ್ನಿನಿಂದಲೇ. ಮೇಷ್ಟ್ರ ಎರಡೂ ಪ್ರತಿಗಳಲ್ಲಿ 'ವೈಇಎಕ್ಸ್ 749' ಎಂಬ ಒಂದೇ ನಂಬರಿದೆ.

ಪರೀಕ್ಷೆಗೆ ಅವರು ಹಾಕುವುದು ಮೊದಲ ಬದಿಯ ಕೊನೆಯ ಹಾಡು. ಅದಕ್ಕೆ ಕಾರಣವಿದೆ. ತಟ್ಟೆ ತಿರುಗುವ ವೇಗ ಒಂದೇ ಆದರೂ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ 50 ಸೆಂಟಿಮೀಟರ್ ಗೆರೆ ಹಾಯುತ್ತದೆ, ಲೇಬಲ್ ಹತ್ತಿರ ಬರುವಷ್ಟರಲ್ಲಿ ಬರೀ 20 ಚಿಲ್ಲರೆ. ಅಷ್ಟೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಕೆಟ್ಟ ಒತ್ತು, ಸವೆದ ಗೆರೆ ಎರಡೂ ಬಾಯಿ ಬಿಡುವುದು ಅಲ್ಲೇ. 'ಅಬ್ಬೆ ರೋಡ್'ನಲ್ಲಿ ಆ ಜಾಗಕ್ಕೆ ಸರಿಯಾಗಿ ಗಿಟಾರುಗಳು ಒಂದರ ಮೇಲೊಂದು ಏರಿ, ಗಾಳಿಯ ಮೊರೆತ ಸೇರಿ, ಕತ್ತರಿಯಲ್ಲಿ ಕತ್ತರಿಸಿದಂತೆ ಹಾಡು ನಿಲ್ಲುತ್ತದೆ.

2022ರಲ್ಲಿ ಅಮೆರಿಕದ ಹೆಸರಾಂತ ಮರುಮುದ್ರಣದ ಕಂಪನಿಯೊಂದರ ಗುಟ್ಟು ಬಯಲಾಯಿತು. ಮೂಲ ಟೇಪಿನಿಂದ ನೇರ ಕೊರೆದದ್ದೆಂದು ಜನ ನಂಬಿ ಕೊಂಡ ದುಬಾರಿ ಪ್ಲೇಟುಗಳಲ್ಲಿ ಹಲವು ವರ್ಷಗಳಿಂದ ನಡುವೆ ಡಿಜಿಟಲ್ ಹಂತವಿತ್ತು. ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' 40,000 ಪ್ರತಿ ಎಂದು ಪ್ರಕಟಿಸಿದಾಗ, ಒಂದು ಟೇಪಿನಿಂದ ಅಷ್ಟೊಂದು ಹೇಗೆ ಸಾಧ್ಯ ಎಂದು ಜನ ಲೆಕ್ಕ ಹಾಕಿದ್ದರು. ಡಿಜಿಟಲ್ಲಿನ ವಾಸನೆ ಮೈಲಿ ದೂರದಿಂದ ಗೊತ್ತಾಗುತ್ತದೆ ಎನ್ನುತ್ತಿದ್ದವರೇ ಆ ಪ್ಲೇಟುಗಳನ್ನು ಹೊಗಳಿದ್ದರು. ಮೇಷ್ಟ್ರು ಬಿದ್ದು ಬಿದ್ದು ನಕ್ಕರು.

ಆ ನಗೆ ಮೊಮ್ಮಗಳ ಕಿವಿಗೆ ಬಿದ್ದಿತ್ತು. ದಸರಾ ರಜೆಗೆ ಬಂದವಳು, "ತಾತ, ನೀವು ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ, ನಾನು ಹಾಕ್ತೀನಿ" ಎಂದಳು. ಎರಡೂ ತೊಳೆದ ಪ್ಲೇಟು, ವಾಲ್ಯೂಮ್ ಗುಂಡಿಗೆ ಟೇಪ್ ಅಂಟಿಸಿ ಸರಿಸಮ ಮಾಡಿದ್ದಾಯಿತು, ಯಾಕೆಂದರೆ ಕೂದಲೆಳೆ ಜೋರಿದ್ದರೂ ಕಿವಿ ಅದನ್ನೇ ಚೆಂದ ಎನ್ನುತ್ತದೆ. ಮೊದಲನೆಯದಕ್ಕೆ ಮೇಷ್ಟ್ರು, "ದಮ್‌ದಮ್. ಚಟಪಟ ಕೇಳ್ತಿದೆ" ಎಂದರು. ಸರಿಯಿತ್ತು. ಎರಡನೆಯದು ಲಂಡನ್. ಅದೂ ಸರಿ. ಮೂರನೆಯದಕ್ಕೆ ಕಣ್ಣು ಮುಚ್ಚಿ, ಬಾಸ್ ತುಂಬಿಕೊಂಡಿದೆ, ಗಿಟಾರ್ ಬಿಡಿಬಿಡಿಯಾಗಿದೆ, ಇದು ಲಂಡನ್ನೇ ಎಂದರು. ನಾಲ್ಕನೆಯದಕ್ಕೆ ತಲೆಯಾಡಿಸಿ, ಮಂಕು, ಕೊನೇ ಗೆರೆ ಕಚಕಚ, ದಮ್‌ದಮ್ ಎಂದರು.

"ತಾತ, ಕೊನೇ ಎರಡು ಸಲವೂ ಪ್ಲೇಟೇ ಬದಲಾಯಿಸಿಲ್ಲ."

ಮೇಷ್ಟ್ರು ತಿರುಗಿ ನೋಡಿದರು. ಟರ್ನ್‌ಟೇಬಲ್ ಮೇಲೆ ಲಂಡನ್ ಪ್ಲೇಟು ಸುತ್ತುತ್ತಿತ್ತು. ಎದ್ದು ಹೋಗಿ ಮುಳ್ಳಿನ ತುದಿಯನ್ನು ಬ್ರಷ್ಷಿನಿಂದ ಒರೆಸಿದರು, ಧೂಳೇನಾದರೂ ಸಿಕ್ಕಿತ್ತೇ ಎಂದು. ಇರಲಿಲ್ಲ.

ಮುಂದಿನ ಭಾನುವಾರ ಮಸೂರವನ್ನು ಮೇಜಿನ ಮೇಲೆ ಬಿಟ್ಟು ಬಜಾರಿಗೆ ಹೊರಟರು. ಬಸ್ ಸ್ಟಾಪಿನಿಂದ ವಾಪಸು ಬಂದು, ಯಾರಿಗೂ ಏನೂ ಹೇಳದೆ, ಎತ್ತಿ ಜೇಬಿಗೆ ಹಾಕಿಕೊಂಡು ಹೋದರು.